ಒಂಟಿ ಈಡಿನ ರೈಫಲನ್ನು ಕೊಳ್ಳುವ ಮುನ್ನ: ಮಾರ್ಟಿನಿ-ಹೆನ್ರಿ ಬಂದೂಕಿನ ಪರೀಕ್ಷಾಕ್ರಮ

೧. ವಿಷಯಪ್ರವೇಶ

ಹಳೆಯ ಬಂದೂಕೊಂದನ್ನು ವಸ್ತುಸಂಗ್ರಹಾಲಯಕ್ಕಾಗಿಯೋ ಸ್ವಂತ ಸಂಗ್ರಹಕ್ಕಾಗಿಯೋ ಕೊಳ್ಳಬೇಕಾದಾಗ ಕೊಳ್ಳುವವರ ದೃಷ್ಟಿ ಮೊದಲು ಹರಿಯುವುದು ಅದರ ಮೇಲೆ ಒತ್ತಿರುವ ಅಕ್ಷರಗಳತ್ತ. ಕಿರೀಟದ ಚಿಹ್ನೆ, ರಾಣಿಯ ಹೆಸರಿನ ಮೊದಲಕ್ಷರಗಳು, ಕಾರ್ಖಾನೆಯ ಹೆಸರು, ಇಸವಿ, ಇವು ಸ್ಪಷ್ಟವಾಗಿ ಕಂಡರೆ ವಸ್ತು ಅಸಲಿಯೆಂದು ನಂಬಿ ಬೆಲೆಯ ಮಾತಿಗೆ ತೊಡಗುವುದು ಸಾಮಾನ್ಯ. ಆದರೆ ಉಕ್ಕಿನ ಮೇಲೆ ಅಕ್ಷರ ಕೊರೆಯುವುದು ಸುಲಭ. ಉಕ್ಕಿನಿಂದ ಬಂದೂಕನ್ನು ಸರಿಯಾಗಿ ಮಾಡುವುದು ಕಷ್ಟ. ಆದುದರಿಂದ ಪರೀಕ್ಷೆಯು ಲೋಹದಿಂದ ಆರಂಭವಾಗಿ ಅಕ್ಷರದಲ್ಲಿ ಮುಗಿಯತಕ್ಕದ್ದು ಎಂಬುದೇ ಈ ಲೇಖನದ ಪ್ರತಿಪಾದನೆ.

ಕರ್ನಾಟಕದ ಚರಿತ್ರೆಯ ಅಭ್ಯಾಸಿಗಳಿಗೆ ಈ ವಿವೇಚನೆ ಹೊಸದಲ್ಲ. ಗಂಗರ ತಾಮ್ರಪಟಗಳ ವಿಷಯದಲ್ಲಿ ಫ್ಲೀಟ್ ಮತ್ತು ರೈಸ್ ಇವರಿಗೆ ನಡೆದ ದೀರ್ಘವಾದ ವಾದವನ್ನು ಬಲ್ಲವರು, ಶಾಸನವು ತನ್ನ ಕಾಲವನ್ನು ತಾನೇ ಹೇಳಿಕೊಂಡ ಮಾತ್ರಕ್ಕೆ ಅದು ಆ ಕಾಲದ್ದಾಗುವುದಿಲ್ಲವೆಂಬುದನ್ನು ಬಲ್ಲರು. ಲಿಪಿಯ ರೂಪ, ಭಾಷೆ, ತಿಥಿವಾರಗಳ ಹೊಂದಾಣಿಕೆ ಇವೆಲ್ಲವೂ ಸಾಕ್ಷಿ ನುಡಿದ ಮೇಲೆಯೇ ಶಾಸನದ ಮಾತಿಗೆ ಬೆಲೆ. ಬಂದೂಕಿನ ಪರೀಕ್ಷೆಯೂ ಇದೇ ಜಾತಿಯದು. ವ್ಯತ್ಯಾಸವೊಂದುಂಟು: ಕೂಟಶಾಸನವನ್ನು ನಂಬಿದವನು ಚರಿತ್ರೆಯಲ್ಲಿ ತಪ್ಪುವನು, ಕೂಟ ಬಂದೂಕನ್ನು ನಂಬಿ ಅದರಲ್ಲಿ ಈಡು ಹಾರಿಸಿದವನು ಕಣ್ಣನ್ನೋ ಕೈಯನ್ನೋ ಪ್ರಾಣವನ್ನೋ ಕಳೆದುಕೊಳ್ಳಬಹುದು.

ಈ ಪರೀಕ್ಷೆಯ ಕ್ರಮವನ್ನು ವಿವರಿಸಲು ಇಲ್ಲಿ ಮಾರ್ಟಿನಿ-ಹೆನ್ರಿ ಎಂಬ ರೈಫಲನ್ನು ಆರಿಸಿಕೊಂಡಿದೆ. ಒಂಟಿ ಈಡಿನ ಸೈನಿಕ ರೈಫಲುಗಳ ಪೈಕಿ ಇದು ಬಹು ಪ್ರಸಿದ್ಧವಾದುದು. ಭಾರತದ ಸೇನೆಯ ಚರಿತ್ರೆಯಲ್ಲಿ ಸ್ಥಾನ ಪಡೆದುದು. ಮತ್ತು ಇದರಷ್ಟು ನಕಲುಗಳಿಗೆ ಗುರಿಯಾದ ಬಂದೂಕುಗಳು ವಿರಳ.

೨. ಒಂಟಿ ಈಡಿನ ರೈಫಲ್ ಎಂದರೇನು?

ಒಂಟಿ ನಳಿಗೆಯ ಬಂದೂಕೆಲ್ಲ ಒಂಟಿ ಈಡಿನದಲ್ಲ. ನಳಿಗೆ ಒಂದೇ ಇದ್ದರೂ ತೋಟಾಗಳ ಪೆಟ್ಟಿಗೆಯೊಂದು ಜೊತೆಗಿದ್ದರೆ ಒಂದಾದ ಮೇಲೊಂದರಂತೆ ಹಲವು ಈಡುಗಳನ್ನು ಹಾರಿಸಬಹುದು. ಒಂಟಿ ಈಡಿನ ರೈಫಲಿನಲ್ಲಿ ಅಂತಹ ಪೆಟ್ಟಿಗೆಯಿಲ್ಲ. ಪ್ರತಿಯೊಂದು ಈಡಿಗೂ ಹಿಂಬದಿಯನ್ನು ತೆರೆದು, ಒಂದು ತೋಟಾವನ್ನು ಕೈಯಿಂದ ಇಟ್ಟು, ಮುಚ್ಚಿ ಹಾರಿಸಬೇಕು. ನಳಿಗೆಯ ಒಳಗೆ ಸುರುಳಿಯಾಕಾರದ ತೋಡುಗಳಿರುವುದರಿಂದ ಗುಂಡು ಬುಗುರಿಯಂತೆ ತಿರುಗುತ್ತ ಹೊರಡುವುದು. ಇದೇ ರೈಫಲಿನ ಲಕ್ಷಣ.

ಹಿಂಬದಿಯನ್ನು ಮುಚ್ಚುವ ಉಪಾಯಗಳು ಹಲವು. ಅಮೆರಿಕದ ಶಾರ್ಪ್ಸ್ ರೈಫಲಿನಲ್ಲೂ ಜಾನ್ ಬ್ರೌನಿಂಗನ ವಿನ್ಯಾಸದಿಂದ ಹುಟ್ಟಿದ ೧೮೮೫ರ ವಿಂಚೆಸ್ಟರಿನಲ್ಲೂ ಉಕ್ಕಿನ ಅಚ್ಚೊಂದು ನೇರವಾಗಿ ಮೇಲೆ ಕೆಳಗೆ ಸರಿಯುವುದು. ರೆಮಿಂಗ್ಟನಿನಲ್ಲಿ ಅದು ಹಿಂದಕ್ಕೆ ಉರುಳುವುದು. ಸ್ನೈಡರಿನಲ್ಲಿ ಪಕ್ಕಕ್ಕೆ ತೆರೆಯುವುದು. ಮಾರ್ಟಿನಿಯಲ್ಲಿ ಆ ಅಚ್ಚಿನ ಹಿಂತುದಿ ಒಂದು ಕೀಲಿಗೆ ಸಿಕ್ಕಿದ್ದು ಮುಂತುದಿ ಮಾತ್ರ ಕೆಳಕ್ಕೆ ಬಾಗುವುದು. ಉಪಾಯ ಯಾವುದೇ ಆಗಿರಲಿ, ಸಿಡಿತದ ಒತ್ತಡವನ್ನೆಲ್ಲ ತಡೆದು ನಿಲ್ಲುವುದು ಈ ಒಂದು ಅಚ್ಚು. ಅದರ ಹಿಂದೆ ಕೆಲವೇ ಅಂಗುಲಗಳ ದೂರದಲ್ಲಿ ಹಾರಿಸುವವನ ಮುಖವಿರುತ್ತದೆ. ಒಂಟಿ ಈಡಿನ ರೈಫಲಿನ ಗುಣಾವಗುಣಗಳೆಲ್ಲ ಈ ಅಚ್ಚು, ಇದರ ಮುಂದಿರುವ ತೋಟಾಗೂಡು, ಇವೆರಡರ ನಡುವಣ ಸಂದು, ಇಷ್ಟರಲ್ಲಿ ಅಡಗಿವೆ ಎಂದರೆ ಹೆಚ್ಚು ಹೇಳಿದಂತಾಗದು.

೩. ಮಾರ್ಟಿನಿ-ಹೆನ್ರಿಯ ಪೂರ್ವೋತ್ತರ

ಅಮೆರಿಕದ ಹೆನ್ರಿ ಪೀಬಾಡಿ ಎಂಬಾತನು ೧೮೬೨ರಲ್ಲಿ ಬಾಗುವ ಅಚ್ಚಿನ ಬಂದೂಕಿಗೆ ಹಕ್ಕುಪತ್ರ ಪಡೆದನು. ಅದರಲ್ಲಿ ಸಿಡಿಸುವ ಸುತ್ತಿಗೆ ಹೊರಗಿತ್ತು. ಸ್ವಿಟ್ಜರ್ಲೆಂಡಿನಲ್ಲಿ ನೆಲೆಸಿದ್ದ ಫ್ರೀಡ್ರಿಖ್ ಫಾನ್ ಮಾರ್ಟಿನಿಯು ಆ ಸುತ್ತಿಗೆಯನ್ನು ತೆಗೆದುಹಾಕಿ, ಸ್ಪ್ರಿಂಗನ್ನೂ ಹೊಡೆಮೊಳೆಯನ್ನೂ ಅಚ್ಚಿನ ಹೊಟ್ಟೆಯೊಳಕ್ಕೇ ಸೇರಿಸಿದನು. ಎಡಿನ್‌ಬರೋದ ಅಲೆಗ್ಸಾಂಡರ್ ಹೆನ್ರಿಯು ಏಳು ತೋಡುಗಳ ನಳಿಗೆಯೊಂದನ್ನು ರೂಪಿಸಿದ್ದನು. ೨೨ ಅಂಗುಲಕ್ಕೆ ಒಂದು ಸುತ್ತು ಬರುವಂತೆ ಅದರ ಸುರುಳಿಯಿತ್ತು. ಈ ಎರಡನ್ನೂ ಕೂಡಿಸಿ ಬ್ರಿಟಿಷ್ ಸೇನೆ ೧೮೭೧ರಲ್ಲಿ ಅಂಗೀಕರಿಸಿದ ಬಂದೂಕೇ ಮಾರ್ಟಿನಿ-ಹೆನ್ರಿ.

ಇದರ ನಳಿಗೆಯ ಒಳವ್ಯಾಸ ೦.೪೫೦ ಅಂಗುಲ, ನಳಿಗೆಯ ಉದ್ದ ೩೩ ಅಂಗುಲಕ್ಕೆ ತುಸು ಹೆಚ್ಚು, ಒಟ್ಟು ಉದ್ದ ಸುಮಾರು ೪೯ ಅಂಗುಲ, ತೂಕ ಒಂಬತ್ತು ಪೌಂಡಿನ ಆಸುಪಾಸು. ತೋಟಾದಲ್ಲಿ ೮೫ ಗ್ರೇನ್ ಕರಿಮದ್ದು, ೪೮೦ ಗ್ರೇನ್ ತೂಕದ ಸೀಸದ ಗುಂಡು. ಮೊದಲ ಮಾದರಿಯ ಬಳಿಕ ೧೮೭೭ರಲ್ಲಿ ಎರಡನೆಯ ಮಾರ್ಕು, ೧೮೭೯ರಲ್ಲಿ ಮೂರನೆಯದು, ೧೮೮೮ರಲ್ಲಿ ನಾಲ್ಕನೆಯದು ಬಂದುವು. ಅದೇ ೧೮೮೮ರಲ್ಲಿ ಪೆಟ್ಟಿಗೆಯುಳ್ಳ ಲೀ-ಮೆಟ್‌ಫರ್ಡ್ ರೈಫಲ್ ಅಂಗೀಕೃತವಾದುದರಿಂದ ಒಂಟಿ ಈಡಿನ ಯುಗ ಬ್ರಿಟಿಷ್ ಸೇನೆಯಲ್ಲಿ ಮುಗಿಯುತ್ತ ಬಂದಿತು.

ಭಾರತದ ಸಿಪಾಯಿಗಳ ಕೈಗೆ ಈ ಬಂದೂಕು ಬಂದ ಬಗೆಯನ್ನು ಇಲ್ಲಿ ನೆನೆಯುವುದು ಅಪ್ರಸ್ತುತವಲ್ಲ. ೧೮೫೭ರ ದಂಗೆಯ ಅನಂತರ ಭಾರತೀಯ ಸೈನಿಕರಿಗೆ ಬ್ರಿಟಿಷ್ ಸೈನಿಕರಿಗಿಂತ ಒಂದು ತಲೆಮಾರು ಹಿಂದಿನ ಆಯುಧವನ್ನು ಕೊಡುವ ನೀತಿ ಜಾರಿಯಲ್ಲಿತ್ತು. ಗೋರಾ ಪಡೆಗಳು ಮಾರ್ಟಿನಿಯನ್ನು ಹಿಡಿದಿದ್ದಾಗ ಸಿಪಾಯಿಗಳು ಸ್ನೈಡರನ್ನು ಹಿಡಿದಿದ್ದರು. ಅವರಿಗೆ ಲೀ-ಮೆಟ್‌ಫರ್ಡ್ ಬಂದಾಗ ಇವರಿಗೆ ಮಾರ್ಟಿನಿ ಇಳಿದುಬಂದಿತು. ೧೮೯೭ರ ಸೆಪ್ಟೆಂಬರ್ ೧೨ರಂದು ಸಾರಾಗಢಿಯ ಠಾಣೆಯಲ್ಲಿ ಮಡಿದ ೩೬ನೆಯ ಸಿಖ್ ಪಡೆಯ ೨೧ ಮಂದಿಯ ಕೈಯಲ್ಲಿದ್ದುದು ಈ ಒಂಟಿ ಈಡಿನ ರೈಫಲೇ. ಆದಕಾರಣ ಇಂದು ನಮ್ಮ ಮುಂದೆ ಬರುವ ಒಂದು ಮಾರ್ಟಿನಿಯು ಹಲವು ಕೈಗಳನ್ನೂ ಹಲವು ದುರಸ್ತಿಗಳನ್ನೂ ಕಂಡಿರುವ ಸಂಭವ ಹೆಚ್ಚು.

೪. ಪರೀಕ್ಷೆಗೆ ಮುನ್ನ ಎರಡು ಕಟ್ಟಳೆಗಳು

ಮೊದಲನೆಯದು ಸುರಕ್ಷತೆಯದು. ಬಂದೂಕನ್ನು ಕೈಗೆ ತೆಗೆದುಕೊಂಡೊಡನೆ ನಳಿಗೆಯ ಬಾಯನ್ನು ಜನರಿಲ್ಲದ ಕಡೆಗೆ ತಿರುಗಿಸಿ, ಸನ್ನೆಯನ್ನು ಕೆಳಕ್ಕೆ ಇಳಿಸಿ, ತೋಟಾಗೂಡು ಬರಿದಾಗಿರುವುದನ್ನು ಕಣ್ಣಿನಿಂದ ನೋಡಿ ಬೆರಳಿನಿಂದ ಮುಟ್ಟಿ ಖಚಿತಪಡಿಸಿಕೊಳ್ಳಬೇಕು. ಮಾರಾಟಗಾರನ ಮಾತು ಇದಕ್ಕೆ ಬದಲಾಗದು. ಮಾರ್ಟಿನಿಯಲ್ಲಿ ಈ ಎಚ್ಚರ ಇನ್ನೂ ಅಗತ್ಯ. ಸನ್ನೆಯನ್ನು ಇಳಿಸಿದೊಡನೆ ಹೊಡೆಮೊಳೆಯ ಸ್ಪ್ರಿಂಗು ತಾನಾಗಿ ಬಿಗಿಗೊಳ್ಳುವುದು; ಬಿಗಿಗೊಂಡಿರುವುದು ಹೊರಗೆ ತಿಳಿಯಲೆಂದು ಬಲಮಗ್ಗುಲಲ್ಲಿ ಹನಿಯಾಕಾರದ ಪುಟ್ಟ ಸೂಚಕವೊಂದನ್ನು ಇಟ್ಟಿದ್ದಾರೆ.

ಎರಡನೆಯದು ಕಾನೂನಿನದು. ಹಳೆಯದೆಂಬ ಕಾರಣಕ್ಕೆ ಬಂದೂಕಿಗೆ ಪರವಾನಗಿ ಬೇಡವೆಂಬ ನಂಬಿಕೆ ಜನರಲ್ಲಿ ಹರಡಿದೆ. ಇದು ತಪ್ಪು. ೧೯೫೯ರ ಆಯುಧ ಅಧಿನಿಯಮದ ೪೫ನೆಯ ಪ್ರಕರಣವು ಬಳಕೆ ತಪ್ಪಿದ ಮಾದರಿಯ, ಪುರಾತನ ಮೌಲ್ಯದ, ಅಥವಾ ಕೆಟ್ಟುಹೋದ ಆಯುಧಗಳಿಗೆ ವಿನಾಯಿತಿ ಕೊಡುವುದು ನಿಜ. ಆದರೆ ಅಂತಹ ಆಯುಧವು ದುರಸ್ತಿ ಮಾಡಿದರೂ ಮಾಡದಿದ್ದರೂ ಬಂದೂಕಾಗಿ ಬಳಸಲು ಬಾರದಂತಿರಬೇಕು ಎಂಬ ನಿಬಂಧನೆ ಅಲ್ಲಿದೆ. ದುರಸ್ತಿಯಿಂದ ಈಡು ಹಾರಿಸಬಲ್ಲ ಮಾರ್ಟಿನಿಗೆ ನೂರೈವತ್ತು ವರ್ಷ ವಯಸ್ಸಾಗಿದ್ದರೂ ಈ ವಿನಾಯಿತಿ ದೊರೆಯದು. ಕೊಡಗಿನಲ್ಲಿ ಕೈಲ್ ಪೊಳ್ದ್ ಹಬ್ಬದಂದು ಕೋವಿಗೆ ಪೂಜೆ ಸಲ್ಲುವುದನ್ನೂ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯ ವಿಷಯದಲ್ಲಿ ವಿಶೇಷ ವಿನಾಯಿತಿಯಿರುವುದನ್ನೂ ಎಲ್ಲರೂ ಬಲ್ಲರು. ಕೇಂದ್ರ ಸರ್ಕಾರ ಅದನ್ನು ೨೦೧೯ರಲ್ಲಿ ಇನ್ನೂ ಹತ್ತು ವರ್ಷಗಳಿಗೆ ಮುಂದುವರಿಸಿತು. ಅದು ಆ ನಾಡಿನ ಜನರಿಗೆ ಸಂದುದೇ ಹೊರತು ಹಳೆಯ ಬಂದೂಕುಗಳಿಗೆಲ್ಲ ಸಂದುದಲ್ಲ. ಇದರ ಜೊತೆಗೆ, ನೂರು ವರ್ಷ ಮೀರಿದ ಚಾರಿತ್ರಿಕ ವಸ್ತುಗಳನ್ನು ಖಾಸಗಿಯವರು ಹೊರದೇಶಕ್ಕೆ ಸಾಗಿಸುವುದನ್ನು ೧೯೭೨ರ ಪುರಾತನ ವಸ್ತುಗಳ ಅಧಿನಿಯಮ ತಡೆಯುತ್ತದೆ ಎಂಬುದನ್ನೂ ಗಮನದಲ್ಲಿಡಬೇಕು. ಕಾಗದಪತ್ರಗಳು ಸರಿಯಾಗಿಲ್ಲದಿದ್ದರೆ ಪರೀಕ್ಷೆಯನ್ನು ಅಲ್ಲಿಗೇ ನಿಲ್ಲಿಸುವುದು ಮೇಲು.

೫. ಅಚ್ಚು ಮತ್ತು ಸನ್ನೆ

ಲೋಹಪರೀಕ್ಷೆಯಲ್ಲಿ ಮೊದಲ ಸ್ಥಾನ ಅಚ್ಚಿನದು. ಸನ್ನೆಯನ್ನು ನಿಧಾನವಾಗಿ ಇಳಿಸಿ ಏರಿಸಿ ನೋಡಬೇಕು. ಅಸಲಿಯಾದ, ಸವೆಯದ ಮಾರ್ಟಿನಿಯಲ್ಲಿ ಈ ಚಲನೆ ಒಂದೇ ಹದದಲ್ಲಿ ಸಾಗುವುದು. ನಡುವೆ ಕಚ್ಚುವುದಾಗಲಿ ಕೆರೆಯುವುದಾಗಲಿ ಇರದು. ಸನ್ನೆಯನ್ನು ಪೂರ್ತಿ ಏರಿಸಿದ ಮೇಲೆ ಅದು ತನ್ನ ಹಿಡಿತದಲ್ಲಿ ನಿಲ್ಲಬೇಕು. ಬಂದೂಕನ್ನು ತುಸು ಅಲುಗಿಸಿದರೆ ಸನ್ನೆ ಜಾರಿ ಕೆಳಗಿಳಿಯುವುದಾದರೆ ಹಿಡಿತ ಸವೆದಿದೆಯೆಂದು ತಿಳಿಯಬೇಕು.

ಅನಂತರ ಮುಚ್ಚಿದ ಅಚ್ಚನ್ನು ಹೆಬ್ಬೆರಳಿನಿಂದ ಒತ್ತಿ ಹಿಂದಕ್ಕೂ ಮುಂದಕ್ಕೂ ಅಲುಗಿಸಿ ನೋಡಬೇಕು. ಇಲ್ಲಿ ಮಾರ್ಟಿನಿಯ ರಚನೆಯ ಒಂದು ಮರ್ಮವಿದೆ. ಅಚ್ಚಿನ ಹಿಂತುದಿಯು ದುಂಡಗಿದ್ದು, ಹಿಂದಿನ ಉಕ್ಕಿನ ಗೋಡೆಯಲ್ಲಿರುವ ದುಂಡು ಕುಳಿಯೊಳಗೆ ಕೂರುವುದು. ಸಿಡಿತದ ಒತ್ತಡ ತಾಗಬೇಕಾದುದು ಈ ಕುಳಿಗೆ. ಅಡ್ಡಲಾಗಿ ಹಾಯಿಸಿದ ಕೀಲಿಗಲ್ಲ. ಕೀಲಿಯ ಕೆಲಸ ಅಚ್ಚನ್ನು ಅದರ ಸ್ಥಾನದಲ್ಲಿ ಹಿಡಿದಿಡುವುದು ಮಾತ್ರ. ಕುಳಿ ಸವೆದಿದ್ದರೆ, ಅಥವಾ ನಕಲು ಮಾಡಿದವನು ಇವೆರಡನ್ನೂ ಸರಿಯಾಗಿ ಕೂಡಿಸದಿದ್ದರೆ, ಹೊರೆಯೆಲ್ಲ ಕೀಲಿಯ ಮೇಲೆ ಬೀಳುವುದು. ಅಂತಹ ಬಂದೂಕಿನಲ್ಲಿ ಕೈಗೆ ಕುಲುಕಾಟ ತಿಳಿಯುತ್ತದೆ. ಕೀಲಿಯನ್ನು ತೆಗೆದು ನೋಡಿದರೆ ಅದು ಬಾಗಿರುವುದೂ ಉಂಟು.

ಮೂರನೆಯದು ತೋಟಾದ ತಳಕ್ಕೂ ಅಚ್ಚಿನ ಮುಖಕ್ಕೂ ನಡುವೆ ಇರುವ ಸಂದು. ಈ ತೋಟಾದ ತಳದಲ್ಲಿ ಅಂಚು ಇದ್ದು, ಆ ಅಂಚು ನಳಿಗೆಯ ಹಿಂದಿನ ಬಾಯಿಗೆ ತಾಗಿ ನಿಲ್ಲುವುದು. ಅಚ್ಚು ಅದರ ಬೆನ್ನಿಗೆ ಹತ್ತಿರವಾಗಿ ನಿಲ್ಲಬೇಕು. ಸಂದು ಹೆಚ್ಚಾದರೆ ಸಿಡಿದಾಗ ಹಿತ್ತಾಳೆಯ ಕೊಪ್ಪು ಹಿಂದಕ್ಕೆ ಹಿಗ್ಗಿ ಒಡೆಯುವುದು. ಬಿಸಿಯಾದ ಅನಿಲ ಹಿಂದಕ್ಕೆ ನುಗ್ಗುವುದು. ಸಂದನ್ನು ಖಚಿತವಾಗಿ ಅಳೆಯುವುದು ಅಳತೆಗೋಲುಳ್ಳ ಕುಶಲ ಶಸ್ತ್ರಕಾರನ ಕೆಲಸ. ಸ್ಥೂಲವಾಗಿ ತಿಳಿಯಲು ಒಂದು ಸುಲಭೋಪಾಯವುಂಟು: ಮದ್ದೂ ಗುಂಡೂ ಇಲ್ಲದ, ಸಿಡಿಕೊಪ್ಪು ತೆಗೆದ ಬರಿಯ ಕೊಪ್ಪಿನ ತಳಕ್ಕೆ ತೆಳುಕಾಗದದ ಚೂರುಗಳನ್ನು ಒಂದೊಂದಾಗಿ ಅಂಟಿಸುತ್ತ ಅಚ್ಚನ್ನು ಮುಚ್ಚಿ ನೋಡುವುದು. ಬಹಳ ಚೂರುಗಳ ಮೇಲೂ ಅಚ್ಚು ಸಲೀಸಾಗಿ ಮುಚ್ಚಿಕೊಂಡರೆ ಸಂದು ಮಿತಿಮೀರಿದೆಯೆಂದು ಶಂಕಿಸತಕ್ಕದ್ದು.

ನಾಲ್ಕನೆಯದು ಟ್ರಿಗರಿನ ಹಿಡಿತ. ಎರಡನೆಯ ಮಾರ್ಕಿನಿಂದೀಚೆಗಿನ ಸೈನಿಕ ಮಾರ್ಟಿನಿಗಳಲ್ಲಿ ಬೇರೆ ಸುರಕ್ಷಾಕೀಲಿಯಿಲ್ಲ. ತೋಟಾ ತುಂಬಿದ್ದರೆ ಸ್ಪ್ರಿಂಗು ಬಿಗಿದೇ ಇರುವುದು. ಹೀಗಿರುವಾಗ ಟ್ರಿಗರಿನ ಕಚ್ಚು ಸವೆದಿದ್ದರೆ ಬಂದೂಕು ಕೆಳಗೆ ತಾಗಿದ ಮಾತ್ರಕ್ಕೆ ಸಿಡಿಯಬಹುದು. ಬರಿದಾದ ಬಂದೂಕಿನಲ್ಲಿ ಸ್ಪ್ರಿಂಗನ್ನು ಬಿಗಿಗೊಳಿಸಿ, ಮರದ ಹಿಡಿಯ ಹಿಂಬದಿಯನ್ನು ಅಂಗೈಯಿಂದ ಎರಡು ಮೂರು ಸಲ ತಟ್ಟಬೇಕು. ಆಗ ಸೂಚಕವು ತಾನಾಗಿ ಬಿದ್ದರೆ ಆ ಬಂದೂಕು ಈಡು ಹಾರಿಸಲು ಅರ್ಹವಲ್ಲ. ಪರೀಕ್ಷೆಯ ನೆಪದಲ್ಲಿ ಬರಿಗೂಡಿನಲ್ಲಿ ಟ್ರಿಗರನ್ನು ಮೇಲಿಂದ ಮೇಲೆ ಎಳೆಯುವುದು ಮಾತ್ರ ಕೂಡದು. ಹಳೆಯ ಹೊಡೆಮೊಳೆ ಮುರಿಯುವ ಭಯವುಂಟು.

ಐದನೆಯದು ಬರಿಗೊಪ್ಪನ್ನು ಹೊರದೂಡುವ ಸಾಧನ. ಇದರ ಮಹತ್ವವನ್ನು ಚರಿತ್ರೆಯೇ ತೋರಿಸಿಕೊಟ್ಟಿದೆ. ಮೊದಮೊದಲು ತೋಟಾಗಳ ಕೊಪ್ಪನ್ನು ಹಿತ್ತಾಳೆಯ ತೆಳುತಗಡು ಸುತ್ತಿ ಮಾಡುತ್ತಿದ್ದರು. ಮರಳು ಧೂಳುಗಳ ನಾಡಿನಲ್ಲಿ ಬಂದೂಕು ಕಾದಾಗ ಈ ಕೊಪ್ಪು ಗೂಡಿನ ಗೋಡೆಗೆ ಅಂಟಿಕೊಳ್ಳುತ್ತಿತ್ತು; ಸನ್ನೆಯನ್ನು ಎಷ್ಟು ಎಳೆದರೂ ಹೊರಬರುತ್ತಿರಲಿಲ್ಲ. ೧೮೮೫ರ ಜನವರಿಯಲ್ಲಿ ಸೂಡಾನಿನ ಅಬು ಕ್ಲೀ ಎಂಬಲ್ಲಿ ನಡೆದ ಕಾಳಗದಲ್ಲಿ ಬಂದೂಕುಗಳು ಹೀಗೆ ಕಚ್ಚಿಕೊಂಡುದು ದೊಡ್ಡ ಟೀಕೆಗೆ ಕಾರಣವಾಯಿತು. ಮುಂದೆ ಎರಕದಿಂದೆಳೆದ ಗಟ್ಟಿ ಕೊಪ್ಪುಗಳು ಬಂದುವು. ನಾಲ್ಕನೆಯ ಮಾರ್ಕಿನಲ್ಲಿ ಹೆಚ್ಚು ಬಲ ತಾಗಲೆಂದು ಸನ್ನೆಯನ್ನೂ ಉದ್ದಮಾಡಿದರು. ಪರೀಕ್ಷಿಸುವಾಗ ಬರಿಗೊಪ್ಪೊಂದನ್ನು ಇಟ್ಟು ಸನ್ನೆಯನ್ನು ಚುರುಕಾಗಿ ಇಳಿಸಿದರೆ ಅದು ಹಿಂದಕ್ಕೆ ಚಿಮ್ಮಬೇಕು. ಗೂಡಿನ ಗೋಡೆಯಲ್ಲಿ ತುಕ್ಕಿನ ಕುಳಿಗಳಿದ್ದರೆ ಹಿತ್ತಾಳೆ ಆ ಕುಳಿಗಳೊಳಕ್ಕೆ ಹಿಗ್ಗಿ ಅಂಟುವುದು.

೬. ನಳಿಗೆ

ಮಾರ್ಟಿನಿಯ ನಳಿಗೆಯೊಳಗನ್ನು ಹಿಂದಿನಿಂದ ನೇರವಾಗಿ ನೋಡಲು ಸಾಧ್ಯವಿಲ್ಲ. ಅಚ್ಚಿನ ಹಿಂದೆ ಉಕ್ಕಿನ ಗೋಡೆ ಅಡ್ಡವಾಗಿದೆ. ಅಚ್ಚನ್ನು ಇಳಿಸಿ, ಅಲ್ಲಿ ಒಂದು ಬಿಳಿಯ ಕಾಗದದ ಚೂರನ್ನೋ ಪುಟ್ಟ ಕನ್ನಡಿಯನ್ನೋ ಓರೆಯಾಗಿಟ್ಟು, ಅದರ ಮೇಲೆ ಬೆಳಕು ಬೀಳುವಂತೆ ಮಾಡಿ, ನಳಿಗೆಯ ಬಾಯಿಯಿಂದ ನೋಡುವುದು ಹಳೆಯ ಕ್ರಮ. ಈಗ ಕಡ್ಡಿಯ ತುದಿಗೆ ಕ್ಯಾಮರಾ ಜೋಡಿಸಿದ ಅಗ್ಗದ ಸಾಧನಗಳು ದೊರೆಯುವುದರಿಂದ ಕೆಲಸ ಹಗುರವಾಗಿದೆ. ನೋಡುವುದಕ್ಕೆ ಮೊದಲು ಒಣ ಬಟ್ಟೆಯೊಂದನ್ನು ಹಾಯಿಸಿ ಎಣ್ಣೆಯನ್ನು ಒರೆಸಬೇಕು. ದಪ್ಪ ಎಣ್ಣೆ ತುಕ್ಕಿನ ಕುಳಿಗಳನ್ನು ಮರೆಮಾಡುವುದು.

ಮೂರು ಅಂಶಗಳನ್ನು ಪರಿಶೀಲಿಸಬೇಕು. ಒಂದು, ತೋಡುಗಳ ಅಂಚು. ಹೆನ್ರಿಯ ಏಳು ತೋಡುಗಳನ್ನು ಎಣಿಸಲು ಬರಬೇಕು. ಬೇರೆ ಸಂಖ್ಯೆ ಕಂಡರೆ ನಳಿಗೆ ಮೂಲದ್ದಲ್ಲ. ಎರಡು, ಕುಳಿಗಳು. ಕರಿಮದ್ದು ಉರಿದು ಉಳಿಯುವ ಕಿಟ್ಟ ಗಾಳಿಯ ತೇವವನ್ನು ಹೀರುವುದು. ಹಳೆಯ ಸಿಡಿಕೊಪ್ಪುಗಳ ಲವಣವೂ ಅದಕ್ಕೆ ಸೇರುವುದು. ಬಿಸಿನೀರಿನಿಂದ ತೊಳೆಯದೆ ಇಟ್ಟರೆ ಕೆಲವೇ ದಿನಗಳಲ್ಲಿ ತುಕ್ಕು ಹಿಡಿಯುವುದು. ಅಲ್ಪಸ್ವಲ್ಪ ಕುಳಿಗಳು ಗುರಿಯನ್ನು ಅಷ್ಟಾಗಿ ಕೆಡಿಸವು. ಗೂಡಿನ ಸಮೀಪದ ಆಳವಾದ ಕುಳಿಗಳು ಮಾತ್ರ ಅಪಾಯಕರ. ಮೂರು, ಉಬ್ಬು. ನಳಿಗೆಯಲ್ಲಿ ಏನಾದರೂ ಅಡಚಿಕೊಂಡಿದ್ದಾಗ ಈಡು ಹಾರಿಸಿದ್ದರೆ ಅಲ್ಲಿ ಉಕ್ಕು ಉಬ್ಬಿ, ಒಳಗೆ ಉಂಗುರದಂತಹ ಕಪ್ಪು ನೆರಳು ಕಾಣುವುದು. ಹೊರಮೈಯ ಮೇಲೆ ಬೆರಳನ್ನು ನಿಧಾನವಾಗಿ ಜಾರಿಸಿದರೂ ತಿಳಿಯುವುದು. ಇಂತಹ ನಳಿಗೆಯಿಂದ ಎಂದೂ ಈಡು ಹಾರಿಸಕೂಡದು.

ನಳಿಗೆಯ ಬಾಯಿಯ ಸವೆತವನ್ನು ಇಲ್ಲಿ ವಿಶೇಷವಾಗಿ ಹೇಳಬೇಕು. ಹಿಂದಿನಿಂದ ದಾರಿಯಿಲ್ಲದುದರಿಂದ ಸೈನಿಕರು ಈ ಬಂದೂಕನ್ನು ಬಾಯಿಯ ಕಡೆಯಿಂದಲೇ ಶುಚಿಮಾಡುತ್ತಿದ್ದರು. ಉಕ್ಕಿನ ಗಜ ನಿತ್ಯವೂ ಉಜ್ಜಿ ಉಜ್ಜಿ ಬಾಯಿಯ ಅಂಚು ಒಂದು ಮಗ್ಗುಲಿಗೆ ಸವೆದಿರುವುದುಂಟು. ಗುಂಡು ನಳಿಗೆಯನ್ನು ಬಿಡುವ ಕಟ್ಟಕಡೆಯ ಕ್ಷಣದಲ್ಲಿ ಈ ಓರೆಯಂಚು ಅದನ್ನು ಪಕ್ಕಕ್ಕೆ ತಿರುಗಿಸುವುದು. ನಳಿಗೆಯ ಉಳಿದ ಭಾಗವೆಲ್ಲ ಕನ್ನಡಿಯಂತಿದ್ದರೂ ಗುರಿ ತಪ್ಪುವುದಕ್ಕೆ ಇದೊಂದೇ ಸಾಕು. ಆದರೆ ಚರಿತ್ರಕಾರನಿಗೆ ಇದೇ ಸವೆತವು ಬಂದೂಕು ನಿಜವಾಗಿ ಸೇವೆಯಲ್ಲಿತ್ತೆಂಬುದಕ್ಕೆ ಸಾಕ್ಷಿ.

೭. ಯಾವ ತೋಟಾದ ಬಂದೂಕು?

ಹೊರರೂಪ ಮಾರ್ಟಿನಿ-ಹೆನ್ರಿಯದಾದ ಮಾತ್ರಕ್ಕೆ ತೋಟಾವೂ ಅದರದೇ ಎಂದು ಭಾವಿಸಬಾರದು. ೧೮೮೦ರ ದಶಕದ ಕೊನೆಯಿಂದ ಹಲವು ಮಾರ್ಟಿನಿಗಳಿಗೆ ೦.೩೦೩ ಅಂಗುಲದ ಹೊಸ ನಳಿಗೆಗಳನ್ನು ಜೋಡಿಸಿ ಮಾರ್ಟಿನಿ-ಮೆಟ್‌ಫರ್ಡ್, ಮಾರ್ಟಿನಿ-ಎನ್‌ಫೀಲ್ಡ್ ಎಂದು ಕರೆದರು. ಗುರಿಯಭ್ಯಾಸಕ್ಕಾಗಿ ಕಿರುಗುಂಡಿನ ಮಾರ್ಟಿನಿಗಳೂ ಆಸ್ಟ್ರೇಲಿಯದ ವಿದ್ಯಾರ್ಥಿಪಡೆಗಳಿಗಾಗಿ ೦.೩೧೦ ಅಂಗುಲದವೂ ತಯಾರಾದುವು. ಆದಕಾರಣ ಅಳೆದೇ ನಿರ್ಧರಿಸಬೇಕು. ನಳಿಗೆಯ ವ್ಯಾಸವನ್ನು ತಿಳಿಯಲು ಮೆದುಸೀಸದ ಉಂಡೆಯೊಂದನ್ನು ಎಣ್ಣೆ ಸವರಿದ ನಳಿಗೆಯಲ್ಲಿ ಮೆಲ್ಲನೆ ದೂಡಿ ತೆಗೆದು ಅದನ್ನು ಅಳೆಯುವರು. ಗೂಡಿನ ಆಕಾರವನ್ನು ತಿಳಿಯಲು ಕುದಿಯುವ ನೀರಿಗಿಂತ ಕಡಿಮೆ ಶಾಖದಲ್ಲೇ ಕರಗುವ ಮಿಶ್ರಲೋಹವನ್ನು ಒಳಗೆ ಹೊಯ್ದು ಅಚ್ಚೆತ್ತುವರು. ಶಾಸನದ ಪಡಿಯಚ್ಚು ತೆಗೆಯುವುದಕ್ಕೆ ಇದು ಸಮಾನವಾದ ಕ್ರಿಯೆ.

ಇನ್ನೊಂದು ಮಾತನ್ನು ಒತ್ತಿ ಹೇಳುವುದು ಅವಶ್ಯ. ಮಾರ್ಟಿನಿ-ಹೆನ್ರಿ ಕರಿಮದ್ದಿನ ಒತ್ತಡಕ್ಕೆಂದು ಹುಟ್ಟಿದ ಬಂದೂಕು. ಹೊಗೆಯಿಲ್ಲದ ಮದ್ದು ಬೇರೆ ಬಗೆಯಲ್ಲಿ ಉರಿಯುವುದು. ಕರಿಮದ್ದಿನಷ್ಟೇ ಅಳತೆಯಲ್ಲಿ ಅದನ್ನು ತುಂಬಿದರೆ ಒತ್ತಡ ಬಹುಪಾಲು ಏರಿ ಬಂದೂಕು ಒಡೆಯುವುದು. ಅಸಲಿಯಾದ, ಸವೆಯದ ಬಂದೂಕಿಗೂ ಈ ಮಾತು ಸಲ್ಲುವುದು.

೮. ಮರದ ಭಾಗಗಳು

ಮಾರ್ಟಿನಿಯ ಮರ ಎರಡು ತುಂಡು. ಹಿಂದಿನ ಹಿಡಿಯನ್ನು ಉದ್ದವಾದ ಬೋಲ್ಟೊಂದು ಉಕ್ಕಿನ ಪೆಟ್ಟಿಗೆಗೆ ಬಿಗಿದಿರುವುದು. ಮುಂದಿನ ಮರವನ್ನು ನಳಿಗೆಗೆ ಪಟ್ಟಿಗಳು ಹಿಡಿದಿರುವುವು. ಹಿಡಿಯು ಉಕ್ಕಿಗೆ ಸೇರುವ ಕಡೆ ಸಣ್ಣ ಬಿರುಕುಗಳಿರುವುವೇ ಎಂದು ನೋಡಬೇಕು. ಹಿನ್ನೊದೆತದ ಪೆಟ್ಟು ಬೀಳುವುದು ಅಲ್ಲಿಗೆ. ಮಾಲೀಕನ ಒಪ್ಪಿಗೆಯಿದ್ದರೆ ಮುಂದಿನ ಮರವನ್ನು ಬಿಡಿಸಿ ನಳಿಗೆಯ ತಳಭಾಗವನ್ನು ಕಾಣುವುದು ಅತ್ಯಗತ್ಯ. ಮಳೆನೀರು ಇಳಿದು ನಿಲ್ಲುವುದು ಈ ಸಂದಿಯಲ್ಲೇ. ಮೇಲೆ ಹೊಳೆಯುವ ನಳಿಗೆ ಕೆಳಗೆ ಹುಳು ತಿಂದಂತೆ ತುಕ್ಕು ತಿಂದಿರುವುದನ್ನು ಎಷ್ಟೋ ಕಡೆ ಕಾಣಬಹುದು. ತಿರುಪುಮೊಳೆಗಳ ತಲೆಗಳನ್ನೂ ನೋಡಬೇಕು. ಅವುಗಳ ಸೀಳು ಹರಿದುಹೋಗಿದ್ದರೆ ಕೈಬಾರದವರು ಬಂದೂಕನ್ನು ಬಿಚ್ಚಿದ್ದಾರೆಂದು ಅರ್ಥ. ಮರವನ್ನು ಹೊಸದಾಗಿ ಉಜ್ಜಿ ಮೆರುಗೆಣ್ಣೆ ಹಚ್ಚಿದ್ದರೆ ಅದರ ಮೇಲಿದ್ದ ಸರ್ಕಾರಿ ಮುದ್ರೆಗಳು ಅಳಿದಿರುವುವು. ಮೆರುಗು ಹೆಚ್ಚಿದಷ್ಟೂ ಸಾಕ್ಷ್ಯ ಕಡಿಮೆ.

೯. ಅಕ್ಷರಗಳ ಸಾಕ್ಷ್ಯ

ಇಷ್ಟೂ ಆದ ಮೇಲೆ ಅಕ್ಷರಗಳನ್ನು ಓದತಕ್ಕದ್ದು. ಬ್ರಿಟಿಷ್ ಸೈನಿಕ ಮಾರ್ಟಿನಿಯ ಬಲಮಗ್ಗುಲಲ್ಲಿ ಕಿರೀಟ, ಅದರ ಕೆಳಗೆ ವಿಕ್ಟೋರಿಯಾ ರಾಣಿಯ ವಿ.ಆರ್. ಎಂಬ ಅಕ್ಷರಗಳು, ತಯಾರಾದ ಸ್ಥಳ, ಇಸವಿ, ಮಾರ್ಕಿನ ರೋಮನ್ ಅಂಕಿ ಇರುವುವು. ಸ್ಥಳದ ಕಡೆಯಲ್ಲಿ ಎನ್‌ಫೀಲ್ಡ್ ಎಂದೋ, ಬರ್ಮಿಂಗ್‌ಹ್ಯಾಮಿನ ಬಿ.ಎಸ್.ಎ. ಅಂಡ್ ಎಂ. ಕಂಪೆನಿಯೆಂದೋ, ಲಂಡನ್ನಿನ ಎಲ್.ಎಸ್.ಎ. ಕಂಪೆನಿಯೆಂದೋ ಕಾಣಬಹುದು. ಅಗಲವಾದ ಬಾಣದ ಮೊನೆ ಸರ್ಕಾರದ ಸ್ವತ್ತಿನ ಗುರುತು; ಅದರ ಜೊತೆಗೆ ಐ ಎಂಬ ಅಕ್ಷರವಿದ್ದರೆ ಭಾರತ ಸರ್ಕಾರಕ್ಕೆ ಸೇರಿದುದೆಂದು ತಿಳಿಯಬೇಕು. ಎರಡು ಬಾಣಗಳು ಮೊನೆಗೆ ಮೊನೆ ತಾಗಿ ನಿಂತಿದ್ದರೆ ಸೇವೆಯಿಂದ ಕಳಚಿ ಮಾರಿದುದು. ಡಿ.ಪಿ. ಎಂಬ ಅಕ್ಷರಗಳು ಕವಾಯತಿಗೆ ಮಾತ್ರ ಮೀಸಲೆಂಬುದರ ಸೂಚನೆ. ಈಡು ಹಾರಿಸಲು ಯೋಗ್ಯವಲ್ಲವೆಂದು ಸೇನೆಯೇ ಬರೆದಿಟ್ಟ ಮಾತು ಅದು.

ಪೇಶಾವರದ ದಕ್ಷಿಣಕ್ಕಿರುವ ದರ್ರಾ ಆದಂ ಖೇಲಿನ ಅಫ್ರೀದಿ ಕಮ್ಮಾರರು ಬ್ರಿಟಿಷ್ ಬಂದೂಕುಗಳನ್ನು ಕೈಯಿಂದಲೇ ನಕಲು ಮಾಡುವುದರಲ್ಲಿ ಪ್ರಸಿದ್ಧರು. ಗಡಿನಾಡಿನಲ್ಲಿ ಮಾರ್ಟಿನಿ ದೊರೆಯುವುದು ದುರ್ಲಭವಾಗಿದ್ದು ಅದಕ್ಕೆ ಬಹಳ ಬೆಲೆಯಿದ್ದುದರಿಂದ ಈ ಕಸಬು ಬೆಳೆಯಿತು. ಸರಳವಾದ ಅರ, ಉಳಿ, ಕುಲುಮೆಗಳಿಂದ ಅವರು ತೋರಿದ ಚಾತುರ್ಯ ಮೆಚ್ಚತಕ್ಕದ್ದೇ. ಆದರೆ ಉಕ್ಕು ಕೈಗೆ ಸಿಕ್ಕಿದ್ದು. ಅದನ್ನು ಹದಗೊಳಿಸಿದ್ದು ಅಂದಾಜಿನಿಂದ. ೨೦೦೧ರ ಅನಂತರ ಆಫ್ಘಾನಿಸ್ತಾನಕ್ಕೆ ಹೋದ ವಿದೇಶೀ ಸೈನಿಕರು ಇಂತಹ 'ಪುರಾತನ' ಮಾರ್ಟಿನಿಗಳನ್ನು ನೆನಪಿನ ವಸ್ತುಗಳಾಗಿ ಅನೇಕವಾಗಿ ಕೊಂಡರು.

ನಕಲು ಮಾಡಿದವನಿಗೆ ರೋಮನ್ ಲಿಪಿ ಬಾರದು. ಅವನು ಅಕ್ಷರವನ್ನು ಚಿತ್ರವೆಂದು ಬರೆದನು. ಅದರಿಂದ ಎನ್ ಎಂಬ ಅಕ್ಷರ ಹಿಂದುಮುಂದಾಗಿರುವುದು, ಎನ್‌ಫೀಲ್ಡ್ ಎಂಬ ಹೆಸರಿನಲ್ಲಿ ಒಂದು ಅಕ್ಷರ ಬಿಟ್ಟುಹೋಗಿರುವುದು, ಸಾಲು ಡೊಂಕಾಗಿರುವುದು, ಕಿರೀಟ ಸೊಟ್ಟಗಿರುವುದು. ಇವೆಲ್ಲ ಲಿಪಿಯ ಸಾಕ್ಷ್ಯ. ಕಾಲದ ಸಾಕ್ಷ್ಯ ಇನ್ನೂ ಬಲವತ್ತರವಾದುದು. ವಿಕ್ಟೋರಿಯಾ ರಾಣಿ ೧೯೦೧ರ ಜನವರಿ ೨೨ರಂದು ತೀರಿಕೊಂಡಳು. ವಿ.ಆರ್. ಅಕ್ಷರಗಳ ಕೆಳಗೆ ೧೯೦೭ ಎಂದಿದ್ದರೆ, ರಾಜನು ಸತ್ತ ಆರು ವರ್ಷಗಳ ಮೇಲೆ ಅವನೇ ಕೊಟ್ಟನೆಂದು ಹೇಳುವ ದಾನಶಾಸನದಂತೆಯೇ ಅದು ತನ್ನನ್ನು ತಾನೇ ಸುಳ್ಳಾಗಿಸುವುದು.

ಆದರೆ ಅಕ್ಷರಗಳು ಶುದ್ಧವಾಗಿದ್ದ ಮಾತ್ರಕ್ಕೆ ನಿಶ್ಚಿಂತರಾಗಲಾಗದು. ಜಾಣನಾದ ಕುಶಲಿ ಅವನ್ನೂ ಸರಿಯಾಗಿ ಕೊರೆಯಬಲ್ಲನು. ಅಸಲಿ ಪೆಟ್ಟಿಗೆಗೆ ಕೈಗೆಲಸದ ನಳಿಗೆಯನ್ನು ಜೋಡಿಸಿರುವುದೂ ಉಂಟು. ಅಕ್ಷರದೋಷವು ಕೂಟವೆಂಬುದನ್ನು ಸಾಧಿಸಬಲ್ಲದು. ಅಕ್ಷರಶುದ್ಧಿಯು ಅಸಲಿಯೆಂಬುದನ್ನು ಸಾಧಿಸಲಾರದು. ಪರೀಕ್ಷೆಯಲ್ಲಿ ಅಕ್ಷರಕ್ಕೆ ಕಡೆಯ ಸ್ಥಾನ ಕೊಡಲು ಇದೇ ಕಾರಣ.

ಅಸಲಿ, ಕೂಟ ಎಂಬ ಎರಡು ಗುಂಪುಗಳಿಗೂ ಸೇರದ ಮೂರನೆಯ ವರ್ಗವೊಂದುಂಟು. ನೇಪಾಳದ ರಾಣಾ ಆಡಳಿತದಲ್ಲಿ ಮಾರ್ಟಿನಿಯನ್ನು ಹೋಲುವ ಗಹೇಂದ್ರ ಎಂಬ ರೈಫಲುಗಳನ್ನು ದೇಶದಲ್ಲೇ ಮಾಡಿದರು. ಹೊರರೂಪ ಒಂದೇ ಆದರೂ ಒಳಗಿನ ಸ್ಪ್ರಿಂಗಿನ ರಚನೆ ಬೇರೆ. ಕೈಗೆಲಸದವಾದುದರಿಂದ ಒಂದರ ಭಾಗ ಇನ್ನೊಂದಕ್ಕೆ ಹೊಂದದು. ೨೦೦೩ರಲ್ಲಿ ಕಠ್ಮಂಡುವಿನ ಹಳೆಯ ಆಯುಧಾಗಾರದಲ್ಲಿದ್ದ ಬಂದೂಕುಗಳು ಮಾರಾಟವಾದ ಬಳಿಕ ಇವು ಹೊರದೇಶಗಳ ಸಂಗ್ರಹಕಾರರ ಕೈ ಸೇರಿದುವು. ಇವು ಯಾರನ್ನೂ ವಂಚಿಸಲು ಹುಟ್ಟಿದವಲ್ಲ. ಆದರೂ ಅರಿಯದವರು ಇವನ್ನು ಬ್ರಿಟಿಷ್ ಮಾರ್ಟಿನಿಯೆಂದು ಕೊಳ್ಳುವುದುಂಟು.

೧೦. ನಿರ್ಣಯ

ಮೇಲಿನ ಪರೀಕ್ಷೆಗಳ ಫಲವನ್ನು ಕೊಳ್ಳುವವನ ಉದ್ದೇಶಕ್ಕೆ ತಕ್ಕಂತೆ ಅರ್ಥಮಾಡಬೇಕು. ಈಡು ಹಾರಿಸಬೇಕೆಂಬವನಿಗೆ ಅಚ್ಚು, ಸಂದು, ಗೂಡು, ನಳಿಗೆ ಈ ನಾಲ್ಕರಲ್ಲಿ ಒಂದು ಕೆಟ್ಟಿದ್ದರೂ ಬಂದೂಕು ತ್ಯಾಜ್ಯ. ಉಳಿದ ಮೂರರ ಗುಣ ಅದನ್ನು ಸರಿದೂಗಿಸದು. ನಾಲ್ಕೂ ಸರಿಯಾಗಿ ಕಂಡರೂ ಶಸ್ತ್ರಕಾರನ ಲಿಖಿತ ಅಭಿಪ್ರಾಯವಿಲ್ಲದೆ ಹಾರಿಸತಕ್ಕದ್ದಲ್ಲ.

ವಸ್ತುಸಂಗ್ರಹಾಲಯಕ್ಕೆ ಬೇಕಾದುದು ಬೇರೆ. ಅಲ್ಲಿ ಸವೆದ ನಳಿಗೆಯೂ ಬಾಗಿದ ಕೀಲಿಯೂ ದೋಷಗಳಲ್ಲ. ಬಂದೂಕು ಬದುಕಿದ ಬಾಳಿನ ದಾಖಲೆಗಳು. ಅವನ್ನು ಉಜ್ಜಿ ಹೊಳಪು ಮಾಡುವುದು, ಕಾಣೆಯಾದ ಭಾಗಕ್ಕೆ ಹೊಸದನ್ನು ಜೋಡಿಸಿ ಹೇಳದೆ ಇರುವುದು, ಇವೇ ಅಲ್ಲಿ ಮಾಡಬಾರದ ಅಪರಾಧಗಳು. ದರ್ರಾದ ನಕಲು ಕೂಡ ಸಂಗ್ರಹಕ್ಕೆ ಯೋಗ್ಯವೇ, ಅದರ ಚೀಟಿಯ ಮೇಲೆ ದರ್ರಾದ ನಕಲೆಂದೇ ಬರೆದಿದ್ದರೆ. ಕೂಟಶಾಸನವೂ ಒಂದು ಶಾಸನವೇ. ಅದು ಹೇಳಿಕೊಂಡ ಕಾಲದ ವಿಷಯವನ್ನಲ್ಲ, ಅದನ್ನು ಬರೆದ ಕಾಲದ ವಿಷಯವನ್ನು ನಮಗೆ ತಿಳಿಸುವುದು. ಹಾಗೆಯೇ ಡೊಂಕಾದ ಅಕ್ಷರಗಳ ಆ ಮಾರ್ಟಿನಿಯು ಎನ್‌ಫೀಲ್ಡಿನ ಕಾರ್ಖಾನೆಯ ವಿಷಯವಾಗಿ ಏನನ್ನೂ ಹೇಳದಿದ್ದರೂ, ಆ ಕಾರ್ಖಾನೆಯ ಹೆಸರಿಗೆ ಗಡಿನಾಡಿನ ಸಂತೆಯಲ್ಲಿ ಎಂತಹ ಬೆಲೆಯಿತ್ತೆಂಬುದನ್ನು ಸ್ಪಷ್ಟವಾಗಿ ಹೇಳುತ್ತದೆ. ಅದನ್ನು ಗಾಜಿನ ಪೆಟ್ಟಿಗೆಯಲ್ಲಿ ಇಡಬಹುದು, ಹೆಗಲಿಗೆ ಏರಿಸಬಾರದು.